ಸವಾರಿ ಶಾಲೆಯ ಶುಲ್ಕ ಉಳಿಸಲು ಮಗಳಿಗೆ ಸ್ವಂತ ಕುದುರೆ ಕೊಡಿಸಬಹುದೇ?

ಮಗಳಿಗೆ ಹನ್ನೊಂದು ವರ್ಷ, ಸವಾರಿ ಶಾಲೆಯ ಶುಲ್ಕ ಭಾರವಾಗುತ್ತಿದೆ, ಪರಿಚಯದವರೊಬ್ಬರು ಕಡಿಮೆ ಬೆಲೆಗೆ ಕುದುರೆ ಕೊಡಿಸಲು ಮುಂದೆ ಬಂದಿದ್ದಾರೆ, ಸ್ವಂತ ಕುದುರೆ ಅಗ್ಗವಾಗುತ್ತದೆಯೇ, ಮಗುವಿನ ಮನಸ್ಸು ನೋಯದಂತೆ ಖರ್ಚಿನ ಮಾತು ತೆಗೆಯುವುದು ಹೇಗೆ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನು ಇದನ್ನು ಯಾರನ್ನೂ ಕೇಳಲಿಲ್ಲ. ಕೇಳದೆಯೇ ಕುದುರೆ ತಂದೆ.

ನಮ್ಮದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರಿನ ಪಕ್ಕ, ಬಾಗಲೂರಿನ ಕಡೆಯ ಒಂದು ಹಳ್ಳಿ. ನಾನು ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ನೌಕರ. ಜಮೀನನ್ನು ಅಣ್ಣ ನೋಡಿಕೊಳ್ಳುತ್ತಾರೆ. ಮಗಳನ್ನು ವಾರಕ್ಕೆ ಎರಡು ಪಾಠಕ್ಕಾಗಿ ಗಡಿ ದಾಟಿಸಿ ಕರ್ನಾಟಕದ ಸರ್ಜಾಪುರದ ಕಡೆಯ ಸವಾರಿ ಶಾಲೆಗೆ ಕರೆದೊಯ್ಯುತ್ತಿದ್ದೆ. ಶುಲ್ಕ ಏರಿದಾಗಲೆಲ್ಲ ನನಗೆ ಅನ್ನಿಸುತ್ತಿದ್ದುದು ಒಂದೇ: ಇಷ್ಟು ದುಡ್ಡು ಕಟ್ಟಿಯೂ ಕೊನೆಗೆ ನಮ್ಮದೆನ್ನುವುದು ಏನೂ ಉಳಿಯುವುದಿಲ್ಲವಲ್ಲ.

ನನ್ನನ್ನು ಮುಳುಗಿಸಿದ್ದು ಈ ಒಂದು ಯೋಚನೆ. ಸವಾರಿ ಶುಲ್ಕವನ್ನು ನಾನು ಮನೆ ಬಾಡಿಗೆಯ ಹಾಗೆ ನೋಡಿದೆ. ಬಾಡಿಗೆ ಕಟ್ಟುವ ಬದಲು ಅದೇ ಹಣದಲ್ಲಿ ಕಂತು ಕಟ್ಟಿದರೆ ಮನೆ ಸ್ವಂತವಾಗುತ್ತದೆ ಎನ್ನುವ ತರ್ಕವನ್ನೇ ಕುದುರೆಗೂ ಹಚ್ಚಿದೆ. ಆದರೆ ಮನೆ ಮೇಯುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ, ಅಂಕಿಗಳು ಊಹೆಯವು, ತರ್ಕವನ್ನು ಮಾತ್ರ ಗಮನಿಸಿ. ಒಂದು ಕುದುರೆಯ ಮೇವು, ಲಾಯ, ಕುದುರೆ ನೋಡಿಕೊಳ್ಳುವ ಸೈಸನ ಸಂಬಳ, ಲಾಳ, ಔಷಧ ಎಲ್ಲ ಸೇರಿ ತಿಂಗಳಿಗೆ 30,000 ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. ಶಾಲೆಯಲ್ಲಿ ಆ ಕುದುರೆಯ ಮೇಲೆ ಹತ್ತು ಮಕ್ಕಳು ಸರದಿಯಲ್ಲಿ ಕಲಿಯುತ್ತಾರೆ, ಒಬ್ಬೊಬ್ಬರ ಪಾಲಿಗೆ 3,000 ಬರುತ್ತದೆ. ಅದರ ಮೇಲೆ ತರಬೇತುದಾರರ ಸಂಬಳ, ಜಾಗದ ಬಾಡಿಗೆ, ಶಾಲೆಯವರ ಲಾಭ ಎಲ್ಲವನ್ನೂ ಹೇರಿದರೂ ನೀವು ಕಟ್ಟುತ್ತಿರುವುದು ಕುದುರೆಯ ಒಂದು ಚೂರಿನ ಖರ್ಚನ್ನೇ. ಕುದುರೆ ನಿಮ್ಮ ಕೊಟ್ಟಿಗೆಗೆ ಬಂದ ದಿನ ಉಳಿದ ಒಂಬತ್ತು ಮಕ್ಕಳ ಪಾಲೂ ನಿಮ್ಮ ಹೆಗಲಿಗೆ ಬರುತ್ತದೆ. ಮಗಳಿಗೆ ಪರೀಕ್ಷೆ ಎಂದೋ ಜ್ವರ ಎಂದೋ ಶಾಲೆಯ ಪಾಠವನ್ನು ಒಂದು ತಿಂಗಳು ನಿಲ್ಲಿಸಬಹುದು. ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಇದೆಯೆಂದು ಕುದುರೆ ಉಪವಾಸ ಮಾಡುವುದಿಲ್ಲ. ಇಷ್ಟೂ ಕೂಡಿಸಿ ಕಳೆಯುವ ಲೆಕ್ಕವೇ. ದಿನವೂ ಕಾರ್ಖಾನೆಯ ಲೆಕ್ಕಪತ್ರ ನೋಡುವ ನನಗೆ ಅದು ಹೊಳೆಯಲಿಲ್ಲ, ಏಕೆಂದರೆ ಕುದುರೆಯ ಬೆಲೆ ಕಡಿಮೆಯಿತ್ತು, ಮತ್ತು ಬೆಲೆಯನ್ನೇ ನಾನು ಖರ್ಚು ಎಂದುಕೊಂಡೆ.

ಬಂದದ್ದು ರೇಸಿನಿಂದ ನಿವೃತ್ತಿಯಾದ, ಓಟಕ್ಕೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಹೆಣ್ಣು ಕುದುರೆ. ಓಟ ಮುಗಿದ ಇಂತಹ ಕುದುರೆಗಳು ಅಗ್ಗವಾಗಿ, ಕೆಲವೊಮ್ಮೆ ಪುಕ್ಕಟೆಯಾಗಿಯೂ ಸಿಗುತ್ತವೆ, ಏಕೆಂದರೆ ಓಡದ ಕುದುರೆಯನ್ನು ಸಾಕುವುದು ಮಾಲೀಕರಿಗೇ ಹೊರೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನನ್ನಪ್ಪನಿಗೂ ಇರಲಿ ಎಂಬಂತೆ ನಾನು ಒಪ್ಪಿಕೊಂಡೆ. ಮನೆಯಲ್ಲಿ ಕೊಟ್ಟಿಗೆಯಿದೆ, ರಾಗಿ ಹುಲ್ಲಿದೆ, ಹುರುಳಿ ನಾವೇ ಬೆಳೆಯುತ್ತೇವೆ, ಇನ್ನೇನು ಬೇಕು ಎಂದರು ಅಣ್ಣ. ನಮ್ಮ ಪಕ್ಕದ ಮತ್ತಿಗಿರಿಯ ಜಾನುವಾರು ಕ್ಷೇತ್ರದಲ್ಲಿ ಬ್ರಿಟಿಷರು ಸೈನ್ಯಕ್ಕೆಂದು ಕುದುರೆಗಳನ್ನು ಸಾಕುತ್ತಿದ್ದರು, ಈ ನೆಲ ಕುದುರೆಗೆ ಒಗ್ಗಿದ್ದು ಎಂದು ಊರಿನ ಹಿರಿಯರೊಬ್ಬರು ಇತಿಹಾಸವನ್ನೂ ಸೇರಿಸಿದರು.

ಸವಾರಿಯ ವಿಷಯದಲ್ಲಿ ಏನಾಯಿತೆಂದರೆ, ರೇಸಿನ ಕುದುರೆಗೆ ಲಗಾಮು ಬಿಗಿಯಾದಷ್ಟೂ ಕಡಿವಾಣಕ್ಕೆ ಒತ್ತಿಕೊಂಡು ಮುಂದೆ ನುಗ್ಗುವ ಅಭ್ಯಾಸವಾಗಿರುತ್ತದೆ, ಮತ್ತು ಹೆದರಿದ ಮಗು ಮೊದಲು ಮಾಡುವ ಕೆಲಸವೇ ಲಗಾಮು ಬಿಗಿಯುವುದು. ಆ ಕುದುರೆಗೆ ಹೊಸದಾಗಿ ಪಾಠ ಹೇಳಲು ನುರಿತ ಸವಾರರು ಬೇಕಾದರು, ಅವರಿಗೆ ಬೇರೆ ಹಣ. ಮಗಳು ಕಲಿಯುವುದು ನಿಲ್ಲಬಾರದೆಂದು ಶಾಲೆಯ ಪಾಠವನ್ನೂ ಮುಂದುವರಿಸಬೇಕಾಯಿತು. ಯಾವ ಶುಲ್ಕವನ್ನು ಉಳಿಸಲು ಕುದುರೆ ತಂದೆನೋ ಆ ಶುಲ್ಕ ನಿಲ್ಲಲೇ ಇಲ್ಲ.

ಕುದುರೆ ದಿನಕ್ಕೆ ತನ್ನ ತೂಕದ ನೂರಕ್ಕೆ ಸುಮಾರು 2 ಪಾಲಿನಷ್ಟು ಒಣ ಮೇವು ತಿನ್ನುತ್ತದೆ. 450 ಕಿಲೋ ತೂಗುವ ಕುದುರೆಗೆ ಅದು 9 ಕಿಲೋ. ಹಸು ಮೆಲುಕು ಹಾಕಿ ಒರಟು ಹುಲ್ಲನ್ನೂ ಜೀರ್ಣಿಸಿಕೊಳ್ಳುತ್ತದೆ, ಕುದುರೆಯ ಹೊಟ್ಟೆಯ ರಚನೆಯೇ ಬೇರೆ. ಅದರ ಜಠರ ಚಿಕ್ಕದು, ಆದ್ದರಿಂದ ಬೂಷ್ಟಿಲ್ಲದ ಒಳ್ಳೆಯ ಹುಲ್ಲನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೇಯಬೇಕು. ನಮ್ಮ ರಾಗಿ ಹುಲ್ಲು ಕೊಟ್ಟಿಗೆಯಲ್ಲೇ ಉಳಿಯಿತು, ಕುದುರೆ ಮಸಾಲೆ ಎನ್ನುವ ಲೂಸರ್ನ್ ಸೊಪ್ಪನ್ನೂ ಒಣಹುಲ್ಲನ್ನೂ ಹೊರಗಿನಿಂದ ತರಿಸಬೇಕಾಯಿತು. ಗೊರಸನ್ನು ಆರೇಳು ವಾರಕ್ಕೊಮ್ಮೆ ಕೆತ್ತಿಸಿ ಲಾಳ ಬದಲಿಸಬೇಕು. ನಮ್ಮಲ್ಲಿ ಎತ್ತಿಗೆ ಲಾಳ ಕಟ್ಟುವವರಿದ್ದಾರೆ, ಕುದುರೆಗೆ ಹೊಡೆಯುವವರು ಬೆಂಗಳೂರಿನಿಂದ ಬರಬೇಕು, ಒಂದೇ ಕುದುರೆಗಾಗಿ ಬರುವವರ ಓಡಾಟದ ಖರ್ಚೂ ಪೂರ್ತಿ ನಮ್ಮದೇ. ಧನುರ್ವಾಯುವಿನ ಲಸಿಕೆ, ಜಂತಿನ ಔಷಧ, ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ ಇವು ಬೇರೆ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಹರಡುವ ರೋಗ, 2009ರ ಪ್ರಾಣಿರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ನಮ್ಮಂತೆ ರಾಜ್ಯದ ಗಡಿಯಲ್ಲಿರುವವರು ಆರೋಗ್ಯ ಪ್ರಮಾಣಪತ್ರವಿಲ್ಲದೆ ಕುದುರೆಯನ್ನು ಆಚೆ ಈಚೆ ಸಾಗಿಸುವ ಸಾಹಸಕ್ಕೆ ಹೋಗಬಾರದು. ಕುದುರೆ ಗುಂಪಿನಲ್ಲಿ ಬಾಳುವ ಪ್ರಾಣಿಯಾದ್ದರಿಂದ ಒಂಟಿಯಾಗಿ ಚಡಪಡಿಸುತ್ತದೆ, ಜೊತೆಗೆ ಇನ್ನೊಂದನ್ನು ತನ್ನಿ ಎಂಬ ಸಲಹೆಯೂ ಬಂತು. ಸಲಹೆಗೆ ಮಾತ್ರ ಯಾರೂ ಹಣ ಕೇಳಲಿಲ್ಲ.

ನಂತರ ಹೊಟ್ಟೆಶೂಲೆ ಬಂತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಮೇವನ್ನು ಏಕಾಏಕಿ ಬದಲಿಸಿದರೆ ಹೊಟ್ಟೆ ಕೆಡುತ್ತದೆ, ಕೆಟ್ಟದ್ದು ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ತಂದ ಹುಲ್ಲು ಮುಗಿದು, ಹೊಸ ಹೊರೆ ಬರುವುದು ತಡವಾಗಿ, ನಾವು ಹುರುಳಿಯನ್ನು ಹೆಚ್ಚಿಸಿದ್ದೆವು. ನಮ್ಮ ಊರಿನ ಪಶುವೈದ್ಯರು ಬಂದು ತಮ್ಮಿಂದಾದದ್ದನ್ನು ಮಾಡಿ, ಕುದುರೆಗಳನ್ನೇ ನೋಡುವವರನ್ನು ಕರೆಸಿ ಎಂದು ನೇರವಾಗಿ ಹೇಳಿದರು. ರಾತ್ರಿಯಲ್ಲಿ ಬೆಂಗಳೂರಿನಿಂದ ವೈದ್ಯರು ಬಂದರು, ಕುದುರೆ ಉಳಿಯಿತು. ಆ ಒಂದು ರಾತ್ರಿಯ ಬಿಲ್ಲು ನಾನು ಕುದುರೆಗೆ ಕೊಟ್ಟ ಬೆಲೆಗಿಂತ ಹೆಚ್ಚಿತ್ತು.

ನಿಮ್ಮ ಎರಡನೆಯ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಖರ್ಚಿನ ಮಾತಿನಿಂದ ಮಕ್ಕಳಿಗೆ ನೋವಾಗುತ್ತದೆ ಎಂಬುದು ನಮ್ಮ ಕಲ್ಪನೆ. ನಾನು ಮಗಳಿಗೆ ಒಂದು ಅಂಕಿಯನ್ನೂ ಹೇಳಿರಲಿಲ್ಲ, ದುಡ್ಡಿನ ಚಿಂತೆ ನಿನಗೆ ಬೇಡ ಎಂದಷ್ಟೇ ಹೇಳುತ್ತಿದ್ದೆ. ಹೆಂಡತಿಗೂ ಅರ್ಧ ಲೆಕ್ಕವನ್ನೇ ಒಪ್ಪಿಸುತ್ತಿದ್ದೆ. ಕೊನೆಗೆ ಕುದುರೆಯನ್ನು, ಹೆಚ್ಚು ಕುದುರೆಗಳಿರುವ ಒಂದು ತೋಟದವರಿಗೆ ಒಪ್ಪಿಸಬೇಕಾಗಿ ಬಂದಾಗ, ತಾನು ಸರಿಯಾಗಿ ಸವಾರಿ ಮಾಡದಿದ್ದುದಕ್ಕೇ ಅಪ್ಪ ಕುದುರೆಯನ್ನು ಕಳಿಸಿದರು ಎಂದು ಅವಳು ತಿಳಿದುಕೊಂಡಳು. ಅದನ್ನು ನನಗೆ ಹೇಳಿದ್ದು ಅವಳಲ್ಲ, ಅವಳ ಅಮ್ಮ. ಆಮೇಲೆ ಬಿಲ್ಲುಗಳ ಕಟ್ಟನ್ನು ಮುಂದಿಟ್ಟು ಕುಳಿತಾಗ ಅವಳು ಅಳಲಿಲ್ಲ, "ಅಪ್ಪಾ, ಇದರಲ್ಲಿ ನನ್ನ ಪಾಠದ್ದು ಎಷ್ಟು?" ಎಂದು ಕೇಳಿದಳು. ಎಲ್ಲಕ್ಕಿಂತ ಚಿಕ್ಕ ಮೊತ್ತ ಅದೇ ಆಗಿತ್ತು.

ಆದ್ದರಿಂದ ಈ ವರ್ಷ ಸವಾರಿಗೆ ನಿಮ್ಮಿಂದ ಎಷ್ಟಾಗುತ್ತದೆ ಎಂಬ ಒಟ್ಟು ಮೊತ್ತವನ್ನು ಮೊದಲು ಗಂಡ ಹೆಂಡತಿ ಕೂತು ಗೊತ್ತು ಮಾಡಿಕೊಂಡು, ಅನಂತರ ಅದನ್ನು ಮಗಳಿಗೆ ಅಂಕಿಯಲ್ಲೇ ಹೇಳಿ. ವಾರಕ್ಕೆ ಎರಡು ಪಾಠ ಬೇಕೋ, ಒಂದೇ ಪಾಠ ಇಟ್ಟುಕೊಂಡು ರಜೆಯಲ್ಲಿ ಶಿಬಿರಕ್ಕೆ ಹೋಗಬೇಕೋ ಎಂಬುದನ್ನು ಅವಳೇ ಆರಿಸಲಿ. ದುಡ್ಡಿಲ್ಲ ಎಂದು ಒಂದೇ ಮಾತಿನಲ್ಲಿ ಬಾಗಿಲು ಮುಚ್ಚಬೇಡಿ, ಅದು ನಿಜವೂ ಅಲ್ಲ. ಹೆಲ್ಮೆಟ್ಟಿನಲ್ಲಿ ಉಳಿತಾಯ ಬೇಡ: ಸವಾರಿಗೆಂದೇ ಪ್ರಮಾಣಿತವಾದದ್ದನ್ನು ಹೊಸದಾಗಿಯೇ ಕೊಳ್ಳಿ, ಜೋರಾಗಿ ಬಿದ್ದು ಪೆಟ್ಟು ತಗುಲಿದ ಮೇಲೆ ಅದು ನೋಡಲು ಚೆನ್ನಾಗಿದ್ದರೂ ಬದಲಿಸಿ. ಕಾಲಿಡುವ ರಿಕಾಪಿನೊಳಗೆ ಪಾದ ಜಾರದಂತೆ ಸಣ್ಣ ಹಿಮ್ಮಡಿಯಿರುವ ಶೂ ಸಾಕು. ಜೀನು ಕೊಳ್ಳಲೇಬೇಡಿ, ಕಾನ್ಪುರದ್ದು ಒಳ್ಳೆಯದಿರಬಹುದು, ಆದರೆ ಜೀನು ಹೊಂದಬೇಕಾದದ್ದು ಕುದುರೆಯ ಬೆನ್ನಿಗೆ, ಮತ್ತು ನಿಮ್ಮ ಬಳಿ ಕುದುರೆಯಿರುವುದಿಲ್ಲ.

ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಮೇಲೆ, 2023ರಲ್ಲಿ ಹಾಂಗ್‌ಝೌನಲ್ಲಿ ಕುದುರೆಯ ನಡೆಯ ಶಿಸ್ತನ್ನು ಅಳೆಯುವ ಡ್ರೆಸ್ಸಾಜ್ ಸ್ಪರ್ಧೆಯಲ್ಲಿ ಭಾರತದ ತಂಡಕ್ಕೆ ಚಿನ್ನ ಬಂದ ಮೇಲೆ, ನಮ್ಮ ಮಗುವೂ ಆ ದಾರಿಯಲ್ಲಿ ಹೋಗಬಹುದು ಎಂದು ಹೇಳುವವರು ನಿಮಗೂ ಸಿಗುತ್ತಾರೆ. ಚಿನ್ನ ಗೆದ್ದ ಆ ಸವಾರರು ವರ್ಷಗಟ್ಟಲೆ ಯುರೋಪಿನಲ್ಲಿದ್ದು ತರಬೇತಿ ಪಡೆದವರು. ಅದು ಬೇರೆಯೇ ಲೆಕ್ಕ, ಹನ್ನೊಂದು ವರ್ಷದ ಮಗುವಿನ ಹೆಸರಿನಲ್ಲಿ ಈಗಲೇ ಬರೆಯುವಂಥದ್ದಲ್ಲ.

ಮಗಳು ಈಗ ವಾರಕ್ಕೊಮ್ಮೆ ಶಾಲೆಗೆ ಹೋಗುತ್ತಾಳೆ, ಪಾಠಕ್ಕೆ ಮುಂಚೆ ಲಾಯ ಗುಡಿಸಿ ಕುದುರೆಯ ಮೈ ಉಜ್ಜುತ್ತಾಳೆ, ಅದಕ್ಕೆ ಶಾಲೆಯವರು ಹಣ ಕೇಳುವುದಿಲ್ಲ. ನಿಮಗೆ ಕುದುರೆ ಕೊಡಿಸುತ್ತೇನೆ ಎಂದಿರುವವರು ಮತ್ತೆ ಬಂದರೆ, ಬೆಲೆಯ ಮಾತಿಗೆ ಮುಂಚೆ ಆ ಕುದುರೆಯ ಕಳೆದ ಆರು ತಿಂಗಳ ಮೇವು, ಲಾಳ ಮತ್ತು ವೈದ್ಯರ ಬಿಲ್ಲುಗಳನ್ನು ತೋರಿಸಲು ಹೇಳಿ.