ಲೋಡ್ ಎತ್ತಿ ನಿಲ್ಲಿಸಿದರೆ ಚೈನ್ ಬ್ಲಾಕ್ ಜಾರುತ್ತಿದೆ, ಓಡಿಸಬಹುದಾ?

ನಿಮ್ಮ ಪ್ರಶ್ನೆ ಇದು: ಕೈಯಿಂದ ಚೈನ್ ಎಳೆದು ಭಾರ ಎತ್ತುವ 2 ಟನ್ನಿನ ಚೈನ್ ಪುಲ್ಲಿ ಬ್ಲಾಕ್, ಡೈ (ಲೋಹದ ಅಚ್ಚು) ಎತ್ತಿ ನಿಲ್ಲಿಸಿದರೆ ಒಮ್ಮೊಮ್ಮೆ ಎರಡು ಬೆರಳಿನಷ್ಟು ಕೆಳಗೆ ಜಾರುತ್ತದೆ. ಈ ವರ್ಷದ ಸರ್ಟಿಫಿಕೇಟ್ ಇದೆ. ಓಡಿಸಬಹುದಾ? ಓನರ್ ಎಲೆಕ್ಟ್ರಿಕ್ ತರೋಣ ಅಂತಿದ್ದಾರೆ, ಅದು ವಾಸಿಯಾ?

ಓಡಿಸಬೇಡಿ. ಇವತ್ತೇ ಕೆಳಗಿಳಿಸಿ. ಸುಮ್ನೆ ಟ್ಯಾಗ್ ಕಟ್ಟಿಟ್ಟರೆ ಸಾಲದು, ರಾತ್ರಿ ಪಾಳಿಯವರು ಅರ್ಜೆಂಟ್ ಅಂತ ಎಳೆದೇಬಿಡುತ್ತಾರೆ. ಸ್ಟೋರ್‌ನಲ್ಲಿಟ್ಟು ಬೀಗ ಹಾಕಿ.

ನಾನು ಬೆಳಗಾವಿಯಲ್ಲಿ ಫೌಂಡ್ರಿಯೊಂದರ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಚೈನ್ ಬ್ಲಾಕ್‌ನಲ್ಲಿ ಇಷ್ಟು ಜಾರಿದರೆ ನಡೆಯುತ್ತೆ ಅನ್ನೋ ಲೆಕ್ಕ ಇಲ್ಲ. ಯಾಕೆ ಅಂತ ತಿಳಿಯಲು ಒಳಗಿನ ಬ್ರೇಕ್ ಹೇಗೆ ಕೆಲಸ ಮಾಡುತ್ತೆ ನೋಡಿ.

ಕೈ ಚೈನ್ ಓಡುವ ಚಕ್ರ ಸ್ಕ್ರೂ ಥರ ಮರೆ (ಥ್ರೆಡ್) ಇರುವ ಶಾಫ್ಟ್ ಮೇಲೆ ಕೂತಿರುತ್ತದೆ. ಎತ್ತಲು ಎಳೆದಾಗ ಅದು ಬಾಟಲಿ ಮುಚ್ಚಳದ ಹಾಗೆ ಒಳಕ್ಕೆ ಬಿಗಿಯುತ್ತದೆ. ನಡುವೆ ಎರಡು ಲೈನರ್, ಅಂದರೆ ಉಜ್ಜಿ ಹಿಡಿಯುವ ಬಿಲ್ಲೆಗಳು, ಅವುಗಳ ಮಧ್ಯೆ ಹಲ್ಲಿನ ಚಕ್ರ, ಅಂದರೆ ರಾಚೆಟ್. ಆ ಹಲ್ಲಿಗೆ ಪಾಲ್ ಎಂಬ ಸಣ್ಣ ನಾಲಗೆ ಸ್ಪ್ರಿಂಗ್ ಬಲದಿಂದ ಕಚ್ಚಿ ನಿಂತಿರುತ್ತದೆ. ಕೈ ಬಿಟ್ಟಾಗ ಲೋಡ್ ತನ್ನ ಭಾರದಿಂದಲೇ ಲೈನರ್‌ಗಳನ್ನು ಒತ್ತಿ ಹಿಡಿಯುತ್ತದೆ. ಭಾರ ಜಾಸ್ತಿಯಾದಷ್ಟೂ ಹಿಡಿತವೂ ಜಾಸ್ತಿ. ಇಂಥ ಬ್ರೇಕ್ ಜಾರುತ್ತಿದೆ ಅಂದರೆ ಲೈನರ್ ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿದೆ, ಇಲ್ಲವೇ ಪಾಲ್ ಸರಿಯಾಗಿ ಕಚ್ಚುತ್ತಿಲ್ಲ. ಮೂರರಲ್ಲಿ ಯಾವುದೇ ಆದರೂ, ಇವತ್ತು ಎರಡು ಬೆರಳು ಜಾರಿದ್ದು ನಾಳೆಯೂ ಅಷ್ಟಕ್ಕೇ ನಿಲ್ಲುತ್ತೆ ಅನ್ನೋಕೆ ಆಧಾರ ಇಲ್ಲ.

ಎಣ್ಣೆಯ ಬಗ್ಗೆ ಒಂಚೂರು ಜಾಸ್ತಿ ಹೇಳಬೇಕು. ಬ್ಲಾಕ್ ಕಿರುಗುಟ್ಟಿದರೆ ಯಾರೋ ಒಬ್ಬರು ಎಣ್ಣೆ ಡಬ್ಬಿ ತಂದು ಮೇಲಿನ ಸಂದಿಯಲ್ಲಿ ಸುರಿಯುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಅದು ನೇರ ಬ್ರೇಕಿಗೆ ಇಳಿಯುತ್ತದೆ. ಹೆಚ್ಚಿನ ಕೈ ಬ್ಲಾಕ್‌ಗಳ ಲೈನರ್ ಒಣಗಿರಲೇಬೇಕು. ಎಣ್ಣೆ ಕುಡಿದ ಲೈನರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಮರಿ ಪೇಪರ್‌ನಲ್ಲಿ ಉಜ್ಜಿ ಮತ್ತೆ ಹಾಕುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದೇ ಕಂಪನಿಯ ಹೊಸ ಲೈನರ್ ಹಾಕಿಸಿ.

ಪಾಲ್ ಸರಿ ಇದೆಯೋ ಇಲ್ಲವೋ ಕಿವಿಯಿಂದಲೇ ತಿಳಿಯುತ್ತದೆ. ಎತ್ತುವಾಗ ಟಕ್ ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬರಬೇಕು. ಇಳಿಸುವಾಗ ಆ ಸದ್ದು ಇರುವುದಿಲ್ಲ. ಎತ್ತುವಾಗ ಸದ್ದು ನಡುನಡುವೆ ತಪ್ಪಿದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಗ್ರೀಸ್ ಒಣಗಿ ಪಾಲ್ ಅಂಟಿಕೊಳ್ಳುತ್ತಿದೆ. ನಮ್ಮ ಹುಡುಗರಿಗೆ ಮೊದಲು ಕಲಿಸುವುದೇ ಈ ಸದ್ದು ಕೇಳುವುದನ್ನು.

ಬ್ಲಾಕ್ ಹೇಗೂ ಕೆಳಗೆ ಬಂದಿದೆ ಅಲ್ವಾ, ಭಾರ ತೂಗುವ ಲೋಡ್ ಚೈನನ್ನೂ ನೋಡಿಬಿಡಿ. ಕಾಟನ್ ವೇಸ್ಟ್‌ನಲ್ಲಿ ಒರೆಸಿ, ಚೈನ್ ಸಡಿಲ ಬಿಟ್ಟು, ಕೊಂಡಿಗೆ ಕೊಂಡಿ ತಾಗುವ ಒಳ ಜಾಗವನ್ನು ಟಾರ್ಚ್ ಹಾಕಿ ನೋಡಿ. ಸವೆತ ಆಗುವುದು ಅಲ್ಲಿ. ಚೈನ್ ಬಿಗಿಯಾಗಿ ತೂಗುತ್ತಿದ್ದರೆ ಆ ಜಾಗ ಕಾಣುವುದೇ ಇಲ್ಲ. ಆಮೇಲೆ ವರ್ನಿಯರ್ ಹಿಡಿದು 11 ಕೊಂಡಿಗಳ ಉದ್ದ ಅಳೆಯಿರಿ. 8 ಮಿ.ಮೀ. ದಪ್ಪ, 24 ಮಿ.ಮೀ. ಪಿಚ್‌ನ (ಒಂದು ಕೊಂಡಿಯ ಒಳ ಉದ್ದ) ಚೈನ್ ಆದರೆ ಒಳ ಅಳತೆ 264 ಮಿ.ಮೀ. ಇರಬೇಕು. ಎಷ್ಟು ಹಿಗ್ಗಿದರೆ ಬದಲಿಸಬೇಕು ಅನ್ನುವುದು ಕಂಪನಿಯ ಪುಸ್ತಕದಲ್ಲಿರುತ್ತದೆ. ಶೇ. 2 ಅಂತ ಕೊಟ್ಟಿದ್ದರೆ ಸುಮಾರು 5 ಮಿ.ಮೀ. ಜಾಸ್ತಿಯಾದಾಗಲೇ ಚೈನಿನ ಆಯಸ್ಸು ಮುಗಿಯಿತು. ದಪ್ಪ ಶೇ. 10 ಇಳಿದು 7.2 ಮಿ.ಮೀ. ಆದರೂ ಅಷ್ಟೇ. ಒಂದು ಕೊಂಡಿ ಕೆಟ್ಟಿದೆ ಅಂತ ವೆಲ್ಡಿಂಗ್ ಮಾಡಿಸುವುದು, ಬೋಲ್ಟ್ ಹಾಕಿ ಜೋಡಿಸುವುದು ಬೇಡವೇ ಬೇಡ. ಗಟ್ಟಿಗೊಳಿಸಿದ ಉಕ್ಕು ಅದು, ಬೆಂಕಿ ತಾಗಿದರೆ ಬಲ ಹೋಗುತ್ತದೆ. ಪೂರ್ತಿ ಚೈನೇ ಬದಲಾಗಬೇಕು.

ಈ ಚೈನಿಗೆ ಮಾತ್ರ ಎಣ್ಣೆ ಬೇಕು. ಒಣ ಚೈನ್ ಬೇಗ ಸವೆಯುತ್ತದೆ. ಆದರೆ ನಮ್ಮಂಥ ಮರಳಿನ ಧೂಳಿರುವ ಕಡೆ ದಪ್ಪ ಗ್ರೀಸ್ ಬಳಿದರೆ ಧೂಳು ಕೂತು ಅದೇ ಕೊಂಡಿಯನ್ನು ಅರೆಯುತ್ತದೆ. ತೆಳು ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿ.

ಹುಕ್ಕಿನ ಬಾಯಿ ಅಗಲ ಮೊದಲಿಗಿಂತ ಜಾಸ್ತಿಯಾಗಿದ್ದರೆ, ಹುಕ್ ತಿರುಚಿದ್ದರೆ, ಹುಕ್ಕಿನ ಬಾಯಿ ಮುಚ್ಚುವ ಲಾಚ್ ಮುರಿದಿದ್ದರೆ ಅದೂ ಬದಲಿ. ಬಾಯಿ ಅಗಲವಾಗಿದೆ ಅಂದರೆ ಯಾವತ್ತೋ ಓವರ್‌ಲೋಡ್ ಆಗಿದೆ, ಅಥವಾ ಹುಕ್ಕಿನ ತುದಿಗೆ ಭಾರ ಬಿದ್ದಿದೆ ಅಂತಲೇ ಲೆಕ್ಕ. ಓವರ್‌ಲೋಡಿಗೆ ಇನ್ನೊಂದು ಗುರುತು ಇದೆ: ಕೈ ಚೈನ್ ಎಳೆಯಲು ಇಬ್ಬರು ಬೇಕಾದರು ಅಂದರೆ ಅಲ್ಲೇ ನಿಲ್ಲಿಸಬೇಕು. ಒಬ್ಬರು ಎಳೆಯುವಷ್ಟೇ ಎತ್ತುವಂತೆ ಆ ಬ್ಲಾಕನ್ನು ಮಾಡಿರುತ್ತಾರೆ.

ಸರ್ಟಿಫಿಕೇಟ್ ವಿಷಯ. 12 ತಿಂಗಳಿಗೊಮ್ಮೆ ಸಕ್ಷಮ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಿ ರಿಜಿಸ್ಟರ್‌ನಲ್ಲಿ ಬರೆಯುವ ಕ್ರಮ 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್‌ನಿಂದ ಬಂದದ್ದು. ಪುಲ್ಲಿ ಬ್ಲಾಕಿನ ಹೆಸರೂ ಅದರಲ್ಲಿದೆ. ಆದರೆ ಆ ಕಾಗದ ಹೇಳುವುದು ಪರೀಕ್ಷೆಯ ದಿನದ ಸ್ಥಿತಿ. ರಿಪೇರಿ ಆದ ಮೇಲೆ ಅವರನ್ನೇ ಮತ್ತೆ ಕರೆಸಿ ಲೋಡ್ ಟೆಸ್ಟ್ ಮಾಡಿಸಿ. ದಿನವೂ ಮೊದಲ ಲೋಡನ್ನು ನೆಲದಿಂದ 100 ಮಿ.ಮೀ. ಮಾತ್ರ ಎತ್ತಿ, ಕೈ ಬಿಟ್ಟು, ಚೈನಿನ ಒಂದು ಕೊಂಡಿಗೆ ಸೀಮೆಸುಣ್ಣದ ಗುರುತು ಹಾಕಿ ನೋಡಿ. ಗುರುತು ಕದಲಿದರೆ ಆ ದಿನ ಆ ಬ್ಲಾಕ್‌ನಲ್ಲಿ ಕೆಲಸ ಇಲ್ಲ. ಎಲ್ಲ ಮಾಡಿದರೂ ಲೋಡ್ ಕೆಳಗೆ ಯಾರೂ ನಿಲ್ಲಬಾರದು.

ಇನ್ನು ಎಲೆಕ್ಟ್ರಿಕ್ ಹಾಯ್ಸ್ಟ್. ದಿನಕ್ಕೆ ಹತ್ತಾರು ಸಲ ಎತ್ತುವ ಕೆಲಸ ಇದ್ದರೆ ತನ್ನಿ, ಒಳ್ಳೆಯದೇ. ಆದರೆ ಜಾರುವ ತೊಂದರೆಗೆ ಅದು ಔಷಧಿ ಅಲ್ಲ, ಅದರ ಬ್ರೇಕಿಗೂ ಇದೇ ನಿಗಾ ಬೇಕು. ಜೊತೆಗೆ ಒಂದು ಹೊಸ ಅಪಾಯ ಬರುತ್ತದೆ. ಪ್ಯಾನಲ್ ಕೆಲಸ ಮಾಡಿದ ಮೇಲೆ ಮೂರು ಫೇಸ್ ವೈರ್‌ಗಳಲ್ಲಿ ಎರಡು ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಆಗ ಅಪ್ ಬಟನ್ ಒತ್ತಿದರೆ ಹುಕ್ ಇಳಿಯುತ್ತದೆ, ಡೌನ್ ಒತ್ತಿದರೆ ಏರುತ್ತದೆ. ಹುಕ್ ತುದಿ ಮುಟ್ಟಿದಾಗ ಮೋಟಾರ್ ನಿಲ್ಲಿಸಬೇಕಾದ ಮೇಲಿನ ಲಿಮಿಟ್ ಸ್ವಿಚ್ ಕತ್ತರಿಸುವುದು ಅಪ್ ಸರ್ಕ್ಯೂಟನ್ನು, ಹಾಗಾಗಿ ಏರುತ್ತಿರುವ ಹುಕ್ಕನ್ನು ಅದು ತಡೆಯುವುದೇ ಇಲ್ಲ. ಹುಕ್ ನೇರ ಬಾಡಿಗೆ ಹೋಗಿ ಗುದ್ದುತ್ತದೆ. ಬಟನ್ ಉಲ್ಟಾ ಇದೆ, ಅಡ್ಜಸ್ಟ್ ಮಾಡಿಕೊಳ್ತೀವಿ ಅಂತ ಯಾರಾದರೂ ಅಂದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಸಪ್ಲೈ ಮುಟ್ಟಿದಾಗಲೆಲ್ಲ ಖಾಲಿ ಹುಕ್ಕಿನಲ್ಲೇ ಮೊದಲು ದಿಕ್ಕು, ಆಮೇಲೆ ಲಿಮಿಟ್ ಎರಡನ್ನೂ ನೋಡಿಕೊಳ್ಳಿ.