ಎಂಟಿಟಿ ಪಾಸಾದರೆ ಹೈಡ್ರೋಜೆಲ್ ಇಂಪ್ಲಾಂಟ್‌ಗೆ ಸುರಕ್ಷಿತ ಅನ್ನಬಹುದಾ?

ಅನ್ನಬೇಡಿ, ಈಗಲೇ ಬೇಡ. ಆಲ್ಜಿನೇಟ್ ಮತ್ತು ಜೆಲಾಟಿನ್ ಸೇರಿಸಿ, ಗ್ಲುಟರಾಲ್ಡಿಹೈಡ್ ಅನ್ನೋ ರಾಸಾಯನಿಕ ಹಾಕಿ ಗಟ್ಟಿ ಮಾಡಿ ಹೈಡ್ರೋಜೆಲ್ (ನೀರು ಹೀರಿ ಉಬ್ಬುವ ಜೆಲ್) ಮಾಡಿದ್ದೀರಿ, ಎಲ್929 ಅನ್ನೋ ಇಲಿಯ ಕೋಶಗಳ ಮೇಲೆ ಎಂಟಿಟಿ (ಬದುಕಿರುವ ಕೋಶಗಳು ಹಳದಿ ಬಣ್ಣವನ್ನು ನೇರಳೆ ಮಾಡುವುದನ್ನು ಅಳೆಯುವ ಪರೀಕ್ಷೆ) ಮಾಡಿದಾಗ 80%ಗಿಂತ ಜಾಸ್ತಿ ಬದುಕಿವೆ, ಪ್ರಾಜೆಕ್ಟ್ ರಿಪೋರ್ಟಿನಲ್ಲಿ 'ಇಂಪ್ಲಾಂಟ್‌ಗೆ ಸುರಕ್ಷಿತ' ಅಂತ ಬರೆಯಬಹುದಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಹಾಸನದವನು, ಬೆಂಗಳೂರಿನ ಲ್ಯಾಬೊಂದರಲ್ಲಿ ಇದೇ ಕೆಲಸ ಮಾಡಿದ್ದೇನೆ. ಚಿಕ್ಕಮಗಳೂರಿನಲ್ಲಿ ಕೂತು ಇಷ್ಟು ದೂರ ಬಂದಿದ್ದೀರಲ್ಲ, ಭೇಷ್. ಆದರೆ ಈ ಫಲಿತಾಂಶ ಹೇಳೋದು ಇಷ್ಟೇ: ಜೆಲ್‌ನಿಂದ ಇಳಿದು ಬಂದದ್ದು ಆ ಕೋಶಗಳನ್ನು ಅಷ್ಟಾಗಿ ಕೊಲ್ಲಲಿಲ್ಲ.

ಐಎಸ್‌ಒ 10993-5 (ವೈದ್ಯಕೀಯ ಸಾಧನ ಕೋಶಗಳಿಗೆ ವಿಷವೇ ಅಂತ ನೋಡುವ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಬದುಕಿದ ಕೋಶಗಳು 70%ಗಿಂತ ಕೆಳಗೆ ಹೋದರೆ ವಿಷ ಅಂತ ಲೆಕ್ಕ. ನೀವು ಮೇಲಿದ್ದೀರಿ, ಸರಿ. ಎಕ್ಸ್‌ಟ್ರ್ಯಾಕ್ಟ್ (ಜೆಲ್ ನೆನೆಸಿ ತೆಗೆದ ದ್ರವ) ಹೇಗೆ ತೆಗೆದಿರಿ? ಒಣಗಿದ ಜೆಲ್ ಸಬ್ಬಕ್ಕಿ ಥರ. ಸ್ವಲ್ಪ ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವ) ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟರೆ ಬೆಳಿಗ್ಗೆ ಅದೇ ಕುಡಿದು ಉಬ್ಬಿರುತ್ತದೆ, ನಿಮಗೆ ಉಳಿಯೋದು ತಳದಲ್ಲಿ ಒಂದಿಷ್ಟು ಮಾತ್ರ, ಆಮೇಲೆ ಅದಕ್ಕೆ ಹೊಸ ಮೀಡಿಯಂ ಬೆರೆಸಿ ಅಳತೆ ಸರಿ ಮಾಡಿದರೆ ಇದ್ದ ವಿಷವೂ ತೆಳುವಾಗಿಬಿಡುತ್ತದೆ. ಅದಕ್ಕೇ ಸ್ಯಾಂಪಲ್ ತಯಾರಿ ಬಗ್ಗೆ ಇರುವ ಭಾಗ 10993-12ರಲ್ಲಿ, ನೀರು ಹೀರುವ ವಸ್ತುವಾದರೆ ಎಷ್ಟು ಹೀರುತ್ತದೆ ಅಂತ ಮೊದಲೇ ತೂಗಿ ನೋಡಿ, ಅಷ್ಟನ್ನು ಆರಂಭದಲ್ಲೇ ಜಾಸ್ತಿ ಸೇರಿಸಿ ಅಂತ ಹೇಳಿದ್ದಾರೆ.

ಮೀಡಿಯಂ ಬಣ್ಣ ನೋಡಿದಿರಾ? ಫೀನಾಲ್ ರೆಡ್ ಇರುವ ಮೀಡಿಯಂ ಕೆಂಪು ಬಿಟ್ಟು ಹಳದಿಗೆ ತಿರುಗಿದ್ದರೆ ಜೆಲ್‌ನಿಂದ ಆಮ್ಲ ಇಳಿದಿದೆ ಅಂತ ಅರ್ಥ. ಆಗ ಕೋಶ ಸತ್ತರೆ ಪಾಲಿಮರನ್ನು ಬೈಯೋದು ಸುಮ್ನೆ. ಇನ್ನೊಂದು, ಪ್ಲೇಟಿನಲ್ಲಿ ಕೋಶವೇ ಇಲ್ಲದ ಗುಂಡಿಗಳಲ್ಲಿ (ವೆಲ್) ಬರೀ ಜೆಲ್ ಎಕ್ಸ್‌ಟ್ರ್ಯಾಕ್ಟ್ ಮತ್ತು ಎಂಟಿಟಿ ಹಾಕಿ ನೋಡಿ. ಕೆಲವು ವಸ್ತುಗಳು ತಾವೇ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತವೆ. ಹಾಗಾದರೆ ನಿಮ್ಮ 80% ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತು?

ಗ್ಲುಟರಾಲ್ಡಿಹೈಡ್ ಬಗ್ಗೆ ನನಗೆ ಜಾಸ್ತಿ ಅನುಮಾನ. ಅಂಟದೆ ಉಳಿದದ್ದು ನಿಧಾನಕ್ಕೆ ಹೊರಬರುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ಲೈಸಿನ್ ದ್ರಾವಣದಲ್ಲಿ ಜೆಲ್ ನೆನೆಸಿ, ಬಫರ್ ಬದಲಿಸುತ್ತಾ ಚೆನ್ನಾಗಿ ತೊಳೆಯಿರಿ. ಸ್ಟೆರಿಲೈಸ್ ಮಾಡೋದು ಹೇಗೆ ಅಂತಲೂ ಈಗಲೇ ತೀರ್ಮಾನಿಸಿ. ಕೊನೆಗೆ ಗಾಮಾ ಕಿರಣಕ್ಕೆ ಕೊಡುವುದಾದರೆ ಆಲ್ಜಿನೇಟ್ ಸರಪಳಿ ತುಂಡಾಗುತ್ತದೆ, ಅಂದರೆ ನೀವು ಪರೀಕ್ಷೆ ಮಾಡಿದ ಜೆಲ್ಲೇ ಬೇರೆ, ಒಳಗೆ ಇಡುವ ಜೆಲ್ಲೇ ಬೇರೆ ಆಗುತ್ತದೆ.

ಎಂಟಿಟಿಗೆ ಸಿಗದೆ ತಪ್ಪಿಸಿಕೊಳ್ಳುವ ಕಳ್ಳ ಅಂದ್ರೆ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊದಿಕೆಯಿಂದ ಬರುವ ವಿಷ. ಜೆಲಾಟಿನ್, ಆಲ್ಜಿನೇಟ್ ಎರಡರಲ್ಲೂ ಇರಬಹುದು, ಎಲ್929 ಅದಕ್ಕೆ ಹೆಚ್ಚು ಕ್ಯಾರೇ ಅನ್ನೋದಿಲ್ಲ, ದೇಹದ ಒಳಗೆ ಮಾತ್ರ ಊತ ಗ್ಯಾರಂಟಿ. ಆಟೋಕ್ಲೇವ್ ಮಾಡಿದರೂ (ಒತ್ತಡದ ಬಿಸಿ ಹಬೆಯಲ್ಲಿ ಇಟ್ಟರೂ) ಪೂರ್ತಿ ಹೋಗುವುದಿಲ್ಲ. ಎಲ್‌ಎಎಲ್ ಅನ್ನೋ, ಅದನ್ನು ಅಳೆಯುವ ಪರೀಕ್ಷೆ ಬೇಕು, ಸಾಮಾನ್ಯವಾಗಿ ಒಂದು ಸಾಧನಕ್ಕೆ 20 ಎಂಡೋಟಾಕ್ಸಿನ್ ಯೂನಿಟ್ ಮಿತಿ. ಮೆದುಳು-ಬೆನ್ನುಹುರಿಯ ದ್ರವಕ್ಕೆ ತಾಗುವುದಾದರೆ 2.15.

ಇದಾದ ಮೇಲೆ ಅಲರ್ಜಿ, ಕೆರಳಿಕೆ, ರಕ್ತಕ್ಕೆ ತಾಗುವುದಾದರೆ ಹಿಮೊಲಿಸಿಸ್ (ಕೆಂಪು ರಕ್ತಕಣ ಒಡೆಯುತ್ತವೆಯೇ ಅಂತ ನೋಡೋದು), ಕೊನೆಗೆ ಪ್ರಾಣಿಯಲ್ಲಿಟ್ಟು ನೋಡೋದು. ಅದು ಕಾಲೇಜು ಲ್ಯಾಬಿನಲ್ಲಿ ಆಗುವ ಕೆಲಸ ಅಲ್ಲ, ನೋಂದಾಯಿತ ಪ್ರಾಣಿ ಕೇಂದ್ರ, ನೀತಿ ಸಮಿತಿ ಒಪ್ಪಿಗೆ ಎಲ್ಲ ಬೇಕು. ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯಲ್ಲಿ ಈ ಪರೀಕ್ಷೆಗಳನ್ನು ಮಾಡುತ್ತಾರೆ. ಸ್ಯಾಂಪಲ್ ಕಳಿಸುವ ಮೊದಲು ಎಷ್ಟು ಬೇಕು, ಹೇಗೆ ಪ್ಯಾಕ್ ಮಾಡಬೇಕು ಅಂತ ಕೇಳಿಕೊಳ್ಳಿ.

ಸದ್ಯಕ್ಕೆ ರಿಪೋರ್ಟಿನಲ್ಲಿ 'ಎಲ್929 ಕೋಶಗಳ ಮೇಲೆ ಈ ಅಳತೆಯ ಎಕ್ಸ್‌ಟ್ರ್ಯಾಕ್ಟ್‌ಗೆ ವಿಷದ ಲಕ್ಷಣ ಕಾಣಲಿಲ್ಲ' ಅಂತ ಬರೆಯಿರಿ. ಗೈಡ್ ಮುಖ ಗಂಟಿಕ್ಕಿದರೂ ವೈವಾದಲ್ಲಿ ಯಾರೂ ನಿಮ್ಮನ್ನು ಹಿಡಿಯೋಕೆ ಆಗಲ್ಲ. ಆ ಜೆಲ್ ಎಲ್ಲಿ ಇಡೋದಕ್ಕೆ, 30 ದಿನಕ್ಕಿಂತ ಜಾಸ್ತಿ ಒಳಗಿರುತ್ತಾ ಅಂತ ನೀವು ಹೇಳಿಲ್ಲ. ಅದನ್ನು ತಿಳಿಸಿದರೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಅಂತ ಹೇಳ್ತೀನಿ.