ಹೀಟರ್ ಯಾವುದು ತರಲಿ ಅಂತ ಕೇಳುವ ಮೊದಲು

ತಮಿಳುನಾಡಿನ ನೀಲಗಿರಿ ಬೆಟ್ಟದಲ್ಲಿ, ಕೋತಗಿರಿ ಕಡೆಯ ಒಂದು ಟೀ ಫ್ಯಾಕ್ಟರಿಯಲ್ಲಿ 31 ವರ್ಷ ಡ್ರೈಯರ್ ಒಲೆ ನೋಡಿಕೊಂಡವನು ನಾನು. ಅಪ್ಪ ಚಾಮರಾಜನಗರದಿಂದ ಬೆಟ್ಟ ಹತ್ತಿ ಬಂದವರು. ನಾನು ಹುಟ್ಟಿದ್ದು ಇಲ್ಲೇ. ಪೇಟೆಯಲ್ಲಿ ತಮಿಳು, ಹಟ್ಟಿಯ ಗೆಳೆಯರ ಜೊತೆ ಬಡಗ, ಮನೆಯಲ್ಲಿ ಕನ್ನಡ. ಸೌದೆಯಿಂದ ಎಷ್ಟು ಬಿಸಿ ಬರುತ್ತದೆ, ಬಂದ ಬಿಸಿ ಎಲ್ಲಿಂದ ಕದ್ದು ಓಡುತ್ತದೆ ಅಂತ ನೋಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಚಳಿಗಾಲದ ಖರ್ಚಿನ ಬಗ್ಗೆ ಬಂದ ಪತ್ರಗಳನ್ನು ಸಂಪಾದಕರು ಈ ಸಲ ನನಗೆ ಕಳಿಸಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಇರುವುದು ಒಂದೇ ಪ್ರಶ್ನೆ. ಹಾಗಾಗಿ ಮೊದಲ ಉತ್ತರ ಉದ್ದವಾಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಸ್ತ್ರಿಯವರೇ, ನಮ್ಮದು ಐನೂರು ಚಿಲ್ಲರೆ ಬರುತ್ತಿದ್ದ ಕರೆಂಟ್ ಬಿಲ್ಲು. ಡಿಸೆಂಬರಿನಲ್ಲಿ 2000 ವಾಟಿನ ರೂಮ್ ಹೀಟರ್ ತಂದೆವು. ಸಂಜೆ ನಾಲ್ಕು ಗಂಟೆ ಹೊತ್ತು ಹಾಕುತ್ತೇವೆ, ಅಷ್ಟೇ. ಬಿಲ್ಲು ನಾಲ್ಕು ಸಾವಿರ ದಾಟಿದೆ! ಮೀಟರ್ ಕೆಟ್ಟಿದೆಯಾ? ಆಯಿಲ್ ಹೀಟರ್ ತಗೊಂಡರೆ ಅರ್ಧ ಉಳಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಬದಲಾಯಿಸಲಾ?
— ಗೃಹಿಣಿ, ಊಟಿ

ಉತ್ತರ: ಮೀಟರ್ ಕೆಟ್ಟಿಲ್ಲ ತಾಯಿ. 2000 ವಾಟ್ ಅಂದರೆ ಗಂಟೆಗೆ 2 ಯೂನಿಟ್. ದಿನಕ್ಕೆ 4 ಗಂಟೆ ಹಾಕಿದರೆ 8 ಯೂನಿಟ್. ನಮ್ಮ ಕಡೆ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ, ಅಲ್ವಾ? 60 ದಿನಕ್ಕೆ 480 ಯೂನಿಟ್. ಇದು ಹೀಟರ್ ಒಂದೇ ತಿಂದದ್ದು. ಮನೆಯ ಉಳಿದ ಖರ್ಚು ಅದರ ಮೇಲೆ.

ನಿಜವಾದ ಪೆಟ್ಟು ಬೀಳುವುದು 500ರ ಗೆರೆಯಲ್ಲಿ. ಎರಡು ತಿಂಗಳಲ್ಲಿ 500 ಯೂನಿಟ್ ಒಳಗಿದ್ದವರಿಗೆ ಮೊದಮೊದಲ ಯೂನಿಟ್ಟುಗಳು ತೀರಾ ಅಗ್ಗ. 500 ದಾಟಿದಿರೋ, ಆ ಅಗ್ಗದ ದರ ಕೈ ತಪ್ಪುತ್ತದೆ. ಗೆರೆ ದಾಟಿದ ಮೇಲಿನ ಪ್ರತಿ ಯೂನಿಟ್ಟಿಗೂ ಎಂಟು ರೂಪಾಯಿಗೆ ಮೇಲೆಯೇ ಬೀಳುತ್ತದೆ. ಹಾಗಾಗಿ ನಿಮ್ಮ ಯೂನಿಟ್ ಮೂರು ಪಟ್ಟಾದರೆ ಬಿಲ್ಲು ಎಂಟು ಪಟ್ಟಾಗುತ್ತದೆ. ಚಳಿಗಾಲದಲ್ಲಿ ತಿಂಗಳ ಮಧ್ಯೆ ಒಮ್ಮೆ ಮೀಟರ್ ನೋಡಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಹಾಲಿನ ಲೆಕ್ಕ ಬರೆಯುವುದಿಲ್ಲವೇ, ಹಾಗೆ.

ಈಗ ಆಯಿಲ್ ಹೀಟರ್ ವಿಷಯ. ಅಂಗಡಿಯವರು ಹೇಳಿದ್ದು ಸುಳ್ಳು. ಕೆಂಪಗೆ ಕಾಯುವ ರಾಡ್ ಇರಲಿ, ಫ್ಯಾನ್ ಇರುವುದಿರಲಿ, ಆಯಿಲ್ ಇರಲಿ, ಒಂದು ಯೂನಿಟ್ ಕರೆಂಟಿನಿಂದ ಹುಟ್ಟುವ ಬಿಸಿ ಒಂದೇ, 860 ಕಿಲೋಕ್ಯಾಲರಿ. ಅದಕ್ಕಿಂತ ಒಂದು ಗುಲಗಂಜಿಯೂ ಜಾಸ್ತಿ ಬರುವುದಿಲ್ಲ. ಆಯಿಲ್ ಹೀಟರ್ ನಿಧಾನಕ್ಕೆ ಕಾಯುತ್ತದೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ, ಗಾಳಿ ಸದ್ದಿಲ್ಲ, ಮಕ್ಕಳಿರುವ ಮನೆಗೆ ಒಳ್ಳೆಯದು. ಆದರೆ ಅದು ಉಳಿತಾಯ ಅಲ್ಲ. ಬೇಸಿಗೆಗೆ ತಂಪು, ಚಳಿಗೆ ಬಿಸಿ ಕೊಡುವ ಎಸಿ ಬಂದಿದೆಯಲ್ಲ, ಅದೊಂದು ಬೇರೆ ಜಾತಿ. ಅದು ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎಳೆದು ಒಳಗೆ ತರುತ್ತದೆ. ಒಂದು ಯೂನಿಟ್ಟಿಗೆ ಎರಡು ಮೂರು ಯೂನಿಟ್ಟಿನಷ್ಟು ಬಿಸಿ ಸಿಗುತ್ತದೆ. ಆದರೆ ವರ್ಷಕ್ಕೆ ಎರಡು ತಿಂಗಳ ಚಳಿಗೆ ಅಷ್ಟು ದುಡ್ಡು ಸುರಿಯಲು ನನಗಂತೂ ಮನಸ್ಸಾಗಿಲ್ಲ.

ನಿಮ್ಮ ಹತ್ತಿರ ಇರುವ ಹೀಟರೇ ಸಾಕು. ಮೊದಲು ಮನೆಯ ತೂತು ಹುಡುಕಿ. ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ, ಕಿಟಕಿ ಸಂದಿ, ಬಾಗಿಲ ಕೆಳಗೆ, ಸ್ವಿಚ್ ಬೋರ್ಡಿನ ಹತ್ತಿರ ಹಿಡಿದು ನಿಧಾನಕ್ಕೆ ನಡೆಯಿರಿ. ಹೊಗೆ ಎಲ್ಲಿ ಅಡ್ಡ ಓಡುತ್ತದೋ ಅಲ್ಲಿ ನಿಮ್ಮ ದುಡ್ಡು ಹೊರಗೆ ಹೋಗುತ್ತಿದೆ. ಫ್ಯಾಕ್ಟರಿಯಲ್ಲಿ ಬಿಸಿಗಾಳಿಯ ಕೊಳವೆ ಸೋರುವುದನ್ನು ನಾವು ಹೀಗೇ ಹಿಡಿಯುತ್ತಿದ್ದೆವು. ನಮ್ಮ ಮನೆಯಲ್ಲಿ ಬಾಗಿಲ ಕೆಳಗೆ ಎರಡು ಬೆರಳು ಸಂದಿ ಇತ್ತು. ಹಳೇ ಪ್ಯಾಂಟಿನ ಒಂದು ಕಾಲಿಗೆ ಮರದ ಹೊಟ್ಟು ತುಂಬಿ, ಎರಡೂ ಕಡೆ ಹೊಲಿದು ಅಡ್ಡ ಇಟ್ಟೆವು. ಖರ್ಚು ಸೊನ್ನೆ. ಇಲ್ಲಿನ ಬುಡಕಟ್ಟಿನವರಾದ ತೋಡರ ಹಳೇ ಮನೆಗಳ ಬಾಗಿಲು ನೋಡಿದ್ದೀರಲ್ಲ? ತೆವಳಿಕೊಂಡೇ ಒಳಗೆ ಹೋಗಬೇಕು. ಈ ಬೆಟ್ಟದ ಚಳಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬ್ರಿಟಿಷರ ಕಾಲದ ಮನೆಯಾದರೆ ಬೆಂಕಿಗೂಡು ಇರುತ್ತದೆ. ಬೆಂಕಿ ಹಾಕದಿದ್ದರೂ ಅದರ ಚಿಮಣಿ ರಾತ್ರಿಯಿಡೀ ಬಿಸಿಗಾಳಿ ಹೀರುತ್ತಲೇ ಇರುತ್ತದೆ. ನಮ್ಮ ಕ್ವಾರ್ಟರ್ಸಿನಲ್ಲಿ ನಾನು ಗೋಣಿಚೀಲಕ್ಕೆ ಹುಲ್ಲು ತುಂಬಿ ಅದರ ಬಾಯಿಗೆ ತುರುಕಿದ್ದೆ. ತುರುಕಿದ್ದು ಮರೆತು, ಹೊಸ ವರ್ಷದ ದಿನ ನೆಂಟರ ಮುಂದೆ ಜಂಭದಿಂದ ಬೆಂಕಿ ಹಾಕಿದೆ. ಆಮೇಲೆ ಎಲ್ಲರೂ ಅಂಗಳದಲ್ಲೇ ಊಟ ಮಾಡಿದೆವು. ಈಗ ಚೀಲಕ್ಕೆ ಒಂದು ಕೆಂಪು ರಿಬ್ಬನ್ ಕಟ್ಟಿ ಕೆಳಗೆ ಕಾಣುವ ಹಾಗೆ ಬಿಟ್ಟಿದ್ದೇನೆ.

ಇನ್ನೊಂದು ಮಾತು. ದಕ್ಷಿಣದ ಕಿಟಕಿಯ ಪರದೆ ಹತ್ತು ಗಂಟೆಗೆ ಸರಿಸಿ, ಮೂರೂವರೆಗೆ ಮುಚ್ಚಿ. ಚಳಿಗಾಲದ ಸೂರ್ಯ ಆ ಕಡೆಯೇ ಓಡಾಡುವುದು. ನಮ್ಮ ಕಡೆ ಹೆಚ್ಚಿನವರು ಮಾಡುವುದು ತಿರುಗಾಮುರುಗಾ. ಬಟ್ಟೆ ಮಾಸುತ್ತದೆ ಅಂತ ಹಗಲು ಮುಚ್ಚುತ್ತಾರೆ, ಸಂಜೆ ದೇವರಿಗೆ ದೀಪ ಹಚ್ಚುವಾಗ ತೆರೆಯುತ್ತಾರೆ.

ಪ್ರಶ್ನೆ: ಸಾರ್, ಮನೆಯಲ್ಲಿ ಐದು ಜನ. ಸ್ನಾನದ ನೀರಿಗೆ ಗ್ಯಾಸ್ ಒಲೆ ಅಗ್ಗವೋ, ಕರೆಂಟ್ ಅಗ್ಗವೋ? ಮನೆಯಲ್ಲಿ ದಿನಾ ಇದೇ ಜಗಳ.
— ಶಾಲಾ ಶಿಕ್ಷಕ, ತಳಿ, ಕೃಷ್ಣಗಿರಿ ಜಿಲ್ಲೆ

ಉತ್ತರ: ಮೇಷ್ಟ್ರಿಗೆ ಲೆಕ್ಕ ಹೇಳಿಕೊಡುವುದು ಅಂದರೆ ನನಗೆ ಖುಷಿ. ಒಂದು ಲೀಟರ್ ನೀರು ಒಂದು ಡಿಗ್ರಿ ಕಾಯಲು ಒಂದು ಕಿಲೋಕ್ಯಾಲರಿ. ನಿಮ್ಮ ಬಕೆಟ್ 15 ಲೀಟರಿನದ್ದು ಅನ್ನಿ. ಬೆಳಗಿನ ನೀರು 17 ಡಿಗ್ರಿ, ಮೈಗೆ ಬೇಕಾದ್ದು 42. ಏರಬೇಕಾದ್ದು 25 ಡಿಗ್ರಿ. 15 ಗುಣಿಸು 25, ಅಂದರೆ 375. ಅದನ್ನು 860ರಿಂದ ಭಾಗಿಸಿ. ಒಂದು ಬಕೆಟ್ಟಿಗೆ ಅರ್ಧ ಯೂನಿಟ್ಟೂ ಬೇಡ.

ಗ್ಯಾಸ್ ಒಲೆಯಲ್ಲಿ ಹತ್ತರಲ್ಲಿ ನಾಲ್ಕು ಪಾಲು ಬಿಸಿ ಪಾತ್ರೆಯ ಸುತ್ತ ಹೋಗಿಬಿಡುತ್ತದೆ. ಅದನ್ನು ಕಳೆದರೆ 14.2 ಕಿಲೋ ಸಿಲಿಂಡರಿಗೆ ಹೀಗೆ ಸುಮಾರು 240 ಬಕೆಟ್ ಕಾಯುತ್ತದೆ. ನೀವು ಸಿಲಿಂಡರಿಗೆ ಕೊಟ್ಟ ದುಡ್ಡನ್ನು 240ರಿಂದ ಭಾಗಿಸಿ, ಅರ್ಧ ಯೂನಿಟ್ಟಿನ ಬೆಲೆ ಪಕ್ಕದಲ್ಲಿಡಿ. ನನ್ನ ಲೆಕ್ಕದಲ್ಲಿ ಬಿಲ್ಲು 500 ಯೂನಿಟ್ ಒಳಗಿದ್ದರೆ ಕರೆಂಟೇ ಅಗ್ಗ. ದಾಟಿದ ಮನೆಯಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ನೀವೂ ಗೆದ್ದಿರಿ, ಮನೆಯವರೂ ಗೆದ್ದರು.

ಗೀಸರ್ ಇದ್ದರೆ ಸ್ನಾನಕ್ಕೆ ಮೊದಲು ಹಾಕಿ, ಐದೂ ಜನ ಒಬ್ಬರ ಹಿಂದೆ ಒಬ್ಬರು ಮುಗಿಸಿ, ಆರಿಸಿ. ಮಗ ಒಂಬತ್ತಕ್ಕೆ ಏಳುತ್ತಾನೆ ಅಂತ ಅಲ್ಲಿವರೆಗೆ ಬಿಟ್ಟರೆ ಬಿಸಿ ಸುಮ್ನೆ ಗೋಡೆಗೆ ಹೋಗುತ್ತದೆ. ನೀರಿನೊಳಗೆ ಇಳಿಬಿಡುವ ರಾಡ್ ಹಾಕುವವರಾದರೆ, ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಬೆರಳು. ಕಾದಿದೆಯಾ ಅಂತ ನೋಡಲು ಕೈ ಅದ್ದಿ ಹೋದವರಿದ್ದಾರೆ.

ಚಳಿಗಾಲಕ್ಕೆ ಸೋಲಾರ್ ನಡೆಯಲ್ಲ ಅನ್ನುವವರ ಮಾತು ಕೇಳಬೇಡಿ. ರಾತ್ರಿ ಹೆಪ್ಪುಗಟ್ಟುವ ಚಳಿ ಬೀಳುವುದೇ ಮೋಡ ಇಲ್ಲದ ದಿನ. ಮೋಡ ಇಲ್ಲ ಅಂದರೆ ಮರುದಿನ ಬಿಸಿಲು ಇದ್ದೇ ಇರುತ್ತದೆ. ಸೋಲಾರ್ ಕೈಕೊಡುವುದು ಮಳೆಗಾಲದಲ್ಲಿ.

ಪ್ರಶ್ನೆ: ಒಂದು ಲೋಡ್ ನೀಲಗಿರಿ ಸೌದೆ ಹಾಕಿಸಿದೆ. ಬರೀ ಹೊಗೆ, ಬಿಸಿಯೇ ಇಲ್ಲ. ಮೋಸ ಹೋದೆನೇ?
— ತರಕಾರಿ ಬೆಳೆಗಾರ, ಕೋತಗಿರಿ

ಉತ್ತರ: ಹೌದು, ನೀರು ಕೊಂಡಿದ್ದೀರಿ. ಈಗ ಕಡಿದ ಮರದಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ನೀರೇ. ಒಲೆಗೆ ಹಾಕಿದರೆ ಬೆಂಕಿ ಮೊದಲು ಆ ನೀರನ್ನು ಕುದಿಸಿ ಹಬೆ ಮಾಡಿ ಓಡಿಸಬೇಕು, ಆಮೇಲೆ ನಿಮ್ಮ ಕಡೆ ತಿರುಗಬೇಕು. ಒಂದು ಲೀಟರ್ ನೀರು ಓಡಿಸಲು 600 ಕಿಲೋಕ್ಯಾಲರಿಗೂ ಮೇಲೆ ಖರ್ಚು. ಒಂದೂವರೆ ಬಕೆಟ್ ಸ್ನಾನದ ನೀರು ಕಾಯುವಷ್ಟು ಬಿಸಿ ಅದು, ಹೊಗೆ ಜೊತೆ ಹೋಯಿತು.

ಫ್ಯಾಕ್ಟರಿಗೆ ಸೌದೆ ಲಾರಿ ಬಂದರೆ ನಾನು ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯುತ್ತಿದ್ದೆ. ಒಣಗಿದ್ದರೆ ಟಣ್ ಅನ್ನುತ್ತದೆ. ಹಸಿಯಾದರೆ ದಬ್, ಅಷ್ಟೇ. ತುದಿಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಟ್ಟಿರಬೇಕು, ತೊಗಟೆ ಉಗುರಿಗೇ ಏಳಬೇಕು. ದಬ್ ಅಂದ ಲಾರಿಯವರ ಜೊತೆ ನನಗೆ ಎಷ್ಟೋ ಸಲ ಜಟಾಪಟಿ ಆಗಿದೆ. ತೂಕಕ್ಕೆ ದುಡ್ಡು ಕೊಡುವವರು ನೀರಿಗೂ ಕೊಡುತ್ತೀರಿ, ನೆನಪಿಡಿ.

ಈಗ ಬಂದದ್ದನ್ನು ಸೀಳಿಸಿ. ಇಡೀ ಬೊಡ್ಡೆ ಒಣಗುವುದು ಸುಲಭ ಅಲ್ಲ. ಕೆಳಗೆ ಎರಡು ಕಲ್ಲು ಕೊಟ್ಟು, ಮೇಲಷ್ಟೇ ಶೀಟ್ ಹೊದಿಸಿ, ಪಕ್ಕ ಬಯಲು ಬಿಡಿ. ಸುತ್ತಲೂ ಟಾರ್ಪಾಲ್ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ. ಮುಂದಿನ ಡಿಸೆಂಬರಿಗೆ ಬೇಕಾದ ಸೌದೆಯನ್ನು ಫೆಬ್ರವರಿ, ಮಾರ್ಚಿನಲ್ಲೇ ತರಿಸಿ. ಆಗ ಕೇಳುವವರು ಕಮ್ಮಿ, ಚೌಕಾಸಿಗೂ ಅನುಕೂಲ. ಅಂದ ಹಾಗೆ, ಕನ್ನಡದಲ್ಲಿ ನಾವು ಇದನ್ನು ನೀಲಗಿರಿ ಮರ ಅನ್ನುತ್ತೇವೆ. ಇಲ್ಲಿನ ತಮಿಳರು ಕರ್ಪೂರ ಮರ ಅನ್ನುತ್ತಾರೆ. ಅದು ಬಂದದ್ದು ಆಸ್ಟ್ರೇಲಿಯಾದಿಂದ. ನೀಲಗಿರಿಯಲ್ಲಿ ಹುಟ್ಟಿದ ನನ್ನನ್ನು ಎಲ್ಲರೂ ಚಾಮರಾಜನಗರದವನು ಅನ್ನುತ್ತಾರೆ. ಇರಲಿ ಬಿಡಿ.

ಪ್ರಶ್ನೆ: ಬಾಡಿಗೆ ರೂಮಿನಲ್ಲಿ ನಾವು ಮೂವರು ಹುಡುಗರು. ಹೀಟರ್ ಹಾಕಲು ಮಾಲೀಕರು ಬಿಡುವುದಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಕೆಂಡ ಹಾಕಿ ಮಲಗಬಹುದೇ? ಹೊಗೆ ಬರುವುದಿಲ್ಲ.
— ಕಾಲೇಜು ವಿದ್ಯಾರ್ಥಿ, ಕೂನೂರು

ಉತ್ತರ: ಬೇಡ ತಮ್ಮಾ. ಬೇಡವೇ ಬೇಡ. ಹೊಗೆ ಬರುವುದಿಲ್ಲ ಅನ್ನುವುದೇ ಅಪಾಯ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿ ಇದ್ದವರಿಗೆ ಎಚ್ಚರವೇ ಆಗುವುದಿಲ್ಲ. ರೂಮಿನೊಳಗೆ ಇದ್ದಿಲು ಒಲೆ ಇಟ್ಟು ಮಲಗಿದ ಪ್ರವಾಸಿಗರು ಬೆಳಗ್ಗೆ ಏಳಲೇ ಇಲ್ಲ ಅನ್ನುವ ಸುದ್ದಿ ಬೆಟ್ಟದ ಊರುಗಳಿಂದ ಪೇಪರಿಗೆ ಬರುತ್ತಲೇ ಇರುತ್ತದೆ. ಕಿಟಕಿ ಇಲ್ಲದ ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಮಾತು. ನೀವು ಮೂವರೂ ಚಾಪೆ ಬಿಟ್ಟು ಮಂಚಕ್ಕೆ ಹೋಗಿ. ಮಂಚ ಇಲ್ಲದಿದ್ದರೆ ಹಾಸಿಗೆ ಕೆಳಗೆ ರಟ್ಟಿನ ಪೆಟ್ಟಿಗೆ ಬಿಚ್ಚಿ ಎರಡು ಪದರ ಹಾಸಿ. ಚಳಿ ಹೊದಿಕೆ ಮೇಲಿಂದ ಬರುವುದಕ್ಕಿಂತ ನೆಲದಿಂದ ಏರುವುದು ಜಾಸ್ತಿ.

ಪ್ರಶ್ನೆ: ನನಗೆ 74 ವರ್ಷ. ಒಬ್ಬಳೇ ಇದ್ದೇನೆ. ತಗಡಿನ ಮಾಡು. ರಾತ್ರಿ ಕಾಲು ಮರಗಟ್ಟುತ್ತದೆ, ಬೆಳಗಿನ ಜಾವ ಮಾಡಿನಿಂದ ನೀರು ಬೇರೆ ತೊಟ್ಟಿಕ್ಕುತ್ತದೆ. ಹೀಟರ್ ರಾತ್ರಿಯಿಡೀ ಇರಲಿ ಎಂದು ಬೆಂಗಳೂರಿನ ಮಗ ಹೇಳುತ್ತಾನೆ.
— ಅಜ್ಜಿ, ಊಟಿ ಹತ್ತಿರದ ಹಳ್ಳಿ

ಉತ್ತರ: ಅಮ್ಮಾ, ಮಗ ಪ್ರೀತಿಯಿಂದ ಹೇಳಿದ್ದು. ಆದರೆ ಇಡೀ ಮನೆ ಕಾಯಿಸಿ ನಿಮ್ಮ ಕಾಲಿಗೆ ಬಿಸಿ ತಲುಪಿಸುವುದು ದಂಡದ ಕೆಲಸ. 2000 ವಾಟಿನ ಹೀಟರ್ ಎಂಟು ಗಂಟೆಗೆ 16 ಯೂನಿಟ್ ತಿನ್ನುತ್ತದೆ. 100 ವಾಟಿನ ಕರೆಂಟ್ ಕಂಬಳಿ ರಾತ್ರಿಯಿಡೀ ಉರಿದರೂ ಒಂದು ಯೂನಿಟ್ ಮುಟ್ಟುವುದಿಲ್ಲ. ಮಲಗುವ ಅರ್ಧ ಗಂಟೆ ಮೊದಲು ಹಾಕಿ, ಮಲಗುವಾಗ ಆರಿಸಿದರೂ ಸಾಕು. ಅದನ್ನು ಮಡಚಿಡಬೇಡಿ, ಒಳಗಿನ ತಂತಿ ಮುರಿಯುತ್ತದೆ. ಅದೂ ಬೇಡ ಅಂದರೆ ರಬ್ಬರಿನ ಬಿಸಿನೀರು ಚೀಲ. ಕುದಿಯುವ ನೀರು ತುಂಬಬೇಡಿ, ಟವಲ್ ಸುತ್ತಿ ಇಡಿ. ಸಕ್ಕರೆ ಕಾಯಿಲೆ ಇದ್ದರೆ ಕಾಲಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಆಗ ಹಾಸಿಗೆ ಬೆಚ್ಚಗಾದ ಮೇಲೆ ಚೀಲ ತೆಗೆದುಬಿಡಿ.

ಮಾಡಿನಿಂದ ತೊಟ್ಟಿಕ್ಕುವುದು ಸೋರಿಕೆ ಅಲ್ಲ. ಮೋಡವಿಲ್ಲದ ರಾತ್ರಿ ತಗಡು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ನಿಮ್ಮ ಉಸಿರಿನ, ಅಡುಗೆಯ ಹಬೆ ಅದಕ್ಕೆ ತಾಗಿ ನೀರಾಗುತ್ತದೆ. ಟೀ ತೋಟದಲ್ಲಿ ಎಳೇ ಗಿಡಕ್ಕೆ ಹಿಮ ಬೀಳುವ ಮೊದಲು ಜರಿಗಿಡದ ಸೊಪ್ಪು ಹೊದಿಸುವುದನ್ನು ನೀವು ನೋಡಿರುತ್ತೀರಿ. ಗಿಡ ಆಕಾಶಕ್ಕೆ ಮುಖ ತೋರಿಸಬಾರದು, ಅಷ್ಟೇ ಅದರ ಗುಟ್ಟು. ನಿಮ್ಮ ಮಾಡಿಗೂ ಅದೇ ಬೇಕು. ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಇನ್ನೊಂದು ಪದರ. ನಾನು ಹಾಕಿದ್ದು ಹಳೇ ಟೀ ಪೆಟ್ಟಿಗೆಯ ಪ್ಲೈವುಡ್. ಹಿಂದೆ ಆ ಪೆಟ್ಟಿಗೆಗಳ ಒಳಗೆ ಬೆಳ್ಳಿ ಹಾಳೆ ಅಂಟಿರುತ್ತಿತ್ತು, ಅದು ಬಿಸಿಯನ್ನು ವಾಪಸ್ ಕಳಿಸುತ್ತದೆ. ಈಗ ಟೀ ಕಾಗದದ ಚೀಲದಲ್ಲಿ ಹೋಗುತ್ತದೆ, ಪೆಟ್ಟಿಗೆ ಸಿಗುವುದು ಕಷ್ಟ. ಬಿದಿರಿನ ತಟ್ಟಿಯೂ ಆದೀತು. ಥರ್ಮೋಕೋಲ್ ಅಗ್ಗ, ಆದರೆ ಬೇಗ ಹೊತ್ತಿಕೊಳ್ಳುತ್ತದೆ, ಒಲೆಯ ಮೇಲೆ ಬೇಡ. ಮನೆಪೂರ್ತಿ ಬೇಕಾಗಿಲ್ಲ, ನೀವು ಮಲಗುವ ಕೋಣೆಗೆ ಮಾಡಿಸಿ. ಮಗನಿಗೆ ಹೇಳಿ, ಹೀಟರಿನ ದುಡ್ಡು ಇದಕ್ಕೆ ಕಳಿಸಲಿ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಲ್ಲ, ನಿಮ್ಮ ಮನೆ ಬಿಲ್ಲು ಎಷ್ಟು?
— ಹೆಸರು ಬೇಡ ಎಂದವರು, ಗೂಡಲೂರು

ಉತ್ತರ: ಕಳೆದ ಸಲ 486 ಯೂನಿಟ್. ನನ್ನ ಲೆಕ್ಕದ ಪ್ರಕಾರ 300 ದಾಟಬಾರದಿತ್ತು. ನಮ್ಮ ಮನೆಯವರು ಸೀರಿಯಲ್ ನೋಡುವಾಗ ಕಾಲ ಹತ್ತಿರ ಹೀಟರ್ ಇಟ್ಟುಕೊಳ್ಳುತ್ತಾರೆ. ಒಂದು ಮುಗಿದ ಮೇಲೆ ಇನ್ನೊಂದು ಸೀರಿಯಲ್. ನಾನು ಪಕ್ಕದಲ್ಲೇ ಕೂತು ಕೈ ಕಾಯಿಸಿಕೊಳ್ಳುತ್ತೇನೆ, ಏನೂ ಹೇಳುವುದಿಲ್ಲ.